ಕುಂದ್ರಿಸುವ ಕೈ

ಗುರುಸಂಗಪ್ಪ ವಿಮಾನ ತಪ್ಪಿಸಿಕೊಂಡಿದ್ದು ನಿದ್ದೆ ಹೊಡೆಯುತ್ತ ಕುಳಿತಿದ್ದಕ್ಕೆ ಎಂದು ನಮ್ಮೂರು ಸವಡಿಯ ಕಟ್ಟೆಯ ಮೇಲಿನವರು ಹೇಳುತ್ತಾರೆ. ಇನ್ನು ಕೆಲವರು, ಅಲ್ಲಿ ಝಗಝಗ ಅಂಗಡಿಗಳಿರುತ್ತವಲ್ಲ, ಸೆಂಟಿನ ಬಾಟಲಿ ನೋಡುತ್ತ ನಿಂತುಬಿಟ್ಟ ಎನ್ನುತ್ತಾರೆ. ರೋಣದ ಬಸ್ಸು ತಪ್ಪಿಸಿಕೊಂಡು ಹೊತ್ತು ಮುಳುಗುವ ತನಕ ಸ್ಟ್ಯಾಂಡಿನಲ್ಲಿ ಕೂರುವ ಜನ ಇವರು. ನನ್ನ ಕಿರಾಣಿ ಅಂಗಡಿಯ ಮುಂದೆ ಈ ಮಾತು ಬಂದಾಗಲೆಲ್ಲ ನನಗೆ ಮೈ ಉರಿಯುತ್ತದೆ. ನಡೆದದ್ದನ್ನು ಅರ್ಧ ಅವನ ಬಾಯಿಂದಲೇ ಕೇಳಿದ್ದೇನೆ, ಸ್ವಲ್ಪ ಗಜೇಂದ್ರಗಡದ ಕಮರುನ್ನಿಸಾ ಹೇಳಿದ್ದಾಳೆ, ಉಳಿದದ್ದಕ್ಕೆ ನಾನೇ ಸಾಕ್ಷಿ. ಅದಕ್ಕೇ ಹೇಳಲು ಕುಳಿತಿದ್ದೇನೆ.

ನಮ್ಮ ಮನೆತನಗಳಲ್ಲಿ ಸತ್ತವರನ್ನು ಮಲಗಿಸಿ ಮಣ್ಣು ಕೊಡುವುದಿಲ್ಲ. ಮೈ ಬಿಸಿ ಇರುವಾಗಲೇ ತೊಳೆದು, ಚಕ್ಕಳಮಕ್ಕಳ ಹಾಕಿಸಿ, ಗೋಡೆಗೆ ಆನಿಸಿ ಕೂರಿಸುತ್ತಾರೆ. ಹಣೆಗೆ ವಿಭೂತಿ, ಎಡಗೈಯಲ್ಲಿ ಲಿಂಗ, ಎದುರಿಗೆ ಭಜನೆ. ಮಣ್ಣು ಕೊಡುವ ತನಕ ಒಂದು ಗಳಿಗೆಯೂ ಒಬ್ಬರನ್ನೇ ಬಿಡುವುದಿಲ್ಲ. ಕುಣಿಯಲ್ಲೂ ಹಾಗೇ ಕೂರಿಸುತ್ತಾರೆ. ಹೇಳಲಿಕ್ಕೆ ಇಷ್ಟೇ, ಆದರೆ ಕೂರಿಸುವುದು ಎಲ್ಲರ ಕೈಗೆ ಬರುವ ಕೆಲಸವಲ್ಲ. ತಡವಾದರೆ ಮೈ ಸೆಟೆದುಕೊಳ್ಳುತ್ತದೆ, ಮೊಣಕಾಲು ಮಾತು ಕೇಳುವುದಿಲ್ಲ.

ಗುರುಸಂಗಪ್ಪ ಹರೆಯದಲ್ಲೇ ಇದನ್ನು ಕೈಗೆ ಹಚ್ಚಿಕೊಂಡ. ಅವನ ಅಜ್ಜ ತೀರಿಕೊಂಡ ದಿನ, ಊರಲ್ಲಿ ಈ ಕೆಲಸ ಬಲ್ಲ ಮುದುಕ ಇಟಗಿಯ ಭೀಮವ್ವನ ದರ್ಶನಕ್ಕೆ ಹೋಗಿದ್ದ. ಬೇರೆ ದಾರಿ ಕಾಣದೆ ಮೊಮ್ಮಗನೇ ಕೂರಿಸಿದ. ಚಲೋ ಕೂರಿಸಿದ ಎಂದು ಹೆಸರಾಯಿತು. ಅವನದು ಒಕ್ಕಲುತನದ ಮನೆ, ಇದು ಅವನ ಜಾತಿಯ ಕಸುಬಲ್ಲ, ಯಾರೂ ಅವನನ್ನು ನೇಮಿಸಿದ್ದೂ ಅಲ್ಲ. ಆದರೂ ಕರೆ ಬಂದರೆ ಉಣ್ಣುವ ಗಂಗಾಳದ ಮುಂದಿನಿಂದ ಎದ್ದು ಹೋಗುತ್ತಿದ್ದ. ಕುಣಿ ತೋಡುವ ಯಮನೂರನನ್ನು ಜೊತೆಗೆ ಕರೆದುಕೊಳ್ಳುತ್ತಿದ್ದ. ಮನೆಯವರನ್ನೆಲ್ಲ ಹೊರಗೆ ಕಳಿಸಿ, ಇಬ್ಬರೇ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಬಾಗಿಲು ತೆಗೆದಾಗ ಸತ್ತವರು ಪೂಜೆಗೆ ಕುಳಿತ ಹಾಗೆ ಕಾಣುತ್ತಿದ್ದರು.

ಅವನ ಹೊಟ್ಟೆ ಹೊರೆಯುವ ಕೆಲಸ ಬೇರೆ ಇತ್ತು, ಮದುವೆ ಮುಂಜಿಗಳ ಅಡಿಗೆ. ಅವನು ಮಾಡಿದ ಗೋದಿ ಹುಗ್ಗಿ ಉಂಡವರು ಕೈ ಮೂಸಿ ನೋಡಿಕೊಳ್ಳುತ್ತಿದ್ದರು. ಹತ್ತಾರು ವರ್ಷ ಹೀಗೇ ನಡೆಯಿತು. ಆಮೇಲೆ ನಮ್ಮೂರ ದೊಡ್ಡ ಮನೆಗಳಿಗೆ ಇದ್ದಕ್ಕಿದ್ದಂತೆ ಬುದ್ಧಿ ಬಂತು. ನಮ್ಮಲ್ಲಿ ಸೂತಕ ಅನ್ನುವುದೇ ಇಲ್ಲ ಎಂದು ಮಠದಲ್ಲಿ ತಲೆ ಆಡಿಸುವವರೇ, ಹೆಣ ಮುಟ್ಟಿದ ಕೈಯ ಹುಗ್ಗಿ ಮದುವೆಗೆ ಬೇಡ ಎಂದು ಒಳಗೊಳಗೇ ಗೊಣಗತೊಡಗಿದರು. ಅವನ ಮುಖದ ಮೇಲೆ ಯಾರೂ ಹೇಳಲಿಲ್ಲ, ಅದಕ್ಕೂ ಗುಂಡಿಗೆ ಬೇಕಲ್ಲ. ಅಡಿಗೆಗೆ ನರಗುಂದದಿಂದ ಬೇರೆಯವರು ಬರತೊಡಗಿದರು. ಸತ್ತಾಗ ಮಾತ್ರ ಗುರುಸಂಗಪ್ಪನ ಬಾಗಿಲು ಬಡಿಯುತ್ತಿದ್ದರು.

ಕುವೈತಿನಲ್ಲಿ ಕೂಲಿಗಳ ಕ್ಯಾಂಪಿಗೆ ರೊಟ್ಟಿ ಬಡಿಯಬಲ್ಲ ಅಡಿಗೆಯವ ಬೇಕಾಗಿದ್ದಾನೆ ಎಂದು ಗಜೇಂದ್ರಗಡದ ಒಬ್ಬ ಏಜೆಂಟ ಹೇಳಿದಾಗ ಅವನು ಹೊರಟುಬಿಟ್ಟ. ಅವನಿಗೆ ಸಿಟ್ಟು ಬಂದಿತ್ತೆಂದು ನಾನು ಬಲ್ಲೆ, ಅವನು ಮಾತ್ರ ಹೇಳಲಿಲ್ಲ. ಎರಡು ವರ್ಷದ ಮೇಲೆ ಅವನ ತಮ್ಮ ಸಿದ್ದಲಿಂಗನೂ ಹೋದ. ಜೆಸಿಬಿ ಓಡಿಸುವ ಹುಡುಗ, ಬಾಯಿ ತುಂಬ ನಗುವವ. ಬೇಡ, ಇಲ್ಲಿಯ ಬಿಸಿಲು ನಮ್ಮ ಬಿಸಿಲಲ್ಲ ಎಂದು ಗುರುಸಂಗಪ್ಪ ಫೋನಿನಲ್ಲಿ ಹೇಳಿಯೇ ಹೇಳಿದ. ಅವರ ತಾಯಿ ಶೇಖವ್ವ ಕೇಳಲಿಲ್ಲ. ಇಬ್ಬರೂ ಒಂದೇ ಕಡೆ ಇದ್ದರೆ ತನಗೆ ಧೈರ್ಯ ಎಂದು ಕಿರಿಯ ಮಗನನ್ನು ತಾನೇ ಕಳಿಸಿದಳು.

ಸಿದ್ದಲಿಂಗ ಸತ್ತಿದ್ದು ಬೇಸಿಗೆಯ ಒಂದು ಮಧ್ಯಾಹ್ನ. ಕೆಲಸದಿಂದ ಬಂದವನು ಎದೆ ಬಿಗಿದಂತಾಗಿದೆ ಎಂದು ಮಂಚದ ಮೇಲೆ ಅಡ್ಡಾದ, ಮತ್ತೆ ಏಳಲಿಲ್ಲ. ಅಣ್ಣ ಅಡಿಗೆಮನೆಯಿಂದ ಹಿಟ್ಟಿನ ಕೈಯಲ್ಲೇ ಓಡಿಬಂದ. ಮೈ ಇನ್ನೂ ಬಿಸಿ ಇತ್ತು. ಅವನಿಗೆ ಅಳು ಬರುವ ಮೊದಲೇ ಅವನ ಕೈ ತಮ್ಮನ ಮೊಣಕಾಲಿಗೆ ಹೋಗಿತ್ತಂತೆ. ಪೋಲೀಸರು ಬರುವ ತನಕ ಹೆಣ ಮುಟ್ಟುವಂತಿಲ್ಲ ಎಂದು ಕ್ಯಾಂಪಿನವರು ಅವನನ್ನು ಹಿಡಿದು ಎಳೆದರು. ಅವನು ಗೋಗರೆದ, ಬೈದ, ಒಬ್ಬನ ಕೈ ಕಚ್ಚಿದ. ನಾಲ್ಕು ಜನ ಸೇರಿ ಹೊರಗೆ ಹಾಕಿದರು. ಅವರದೂ ತಪ್ಪಿಲ್ಲ, ಅಲ್ಲಿಯ ಕಾನೂನೇ ಹಾಗೆ.

ಕಾಗದಪತ್ರಗಳಾಗಲು ದಿನಗಟ್ಟಲೆ ಹಿಡಿಯಿತು. ಅಷ್ಟೂ ದಿನ ಸಿದ್ದಲಿಂಗ ತಣ್ಣನೆಯ ಕೋಣೆಯಲ್ಲಿ ಚಾಚಿಕೊಂಡು ಮಲಗಿದ್ದ. ಕೊನೆಗೆ ಕೆಡದಂತೆ ಔಷಧಿ ತುಂಬಿ ಪೆಟ್ಟಿಗೆಗೆ ಹಾಕುವ ಹೊತ್ತಿಗೆ ಅಣ್ಣನನ್ನು ಒಳಗೆ ಬಿಟ್ಟರು. ಅವನು ತಮ್ಮನ ಕೊರಳಿಗೆ ಲಿಂಗ ಕಟ್ಟಿದ, ವಿಭೂತಿ ಹಚ್ಚಿದ. ಮೊಣಕಾಲನ್ನು ಒಮ್ಮೆ ಒತ್ತಿ ನೋಡಿದ. ಕಟ್ಟಿಗೆಯೇ. ಪೆಟ್ಟಿಗೆಗೆ ಮೊಳೆ ಹೊಡೆದು ಮೇಲೆ ಗೋಣಿತಟ್ಟು ಸುತ್ತಿ ಹೊಲಿದರು.

ಶೇಖವ್ವನಿಗೆ ಇದೆಲ್ಲ ಹೇಗೋ ಗೊತ್ತಾಗಿತ್ತು. ಫೋನಿನಲ್ಲಿ ಅವಳು ಅಳಲಿಲ್ಲ.

"ನನ್ನ ಮಗನ್ನ ಮಲಗಿಸಿ ಮಣ್ಣ ಕೊಟ್ರ ನಾ ಒಲ್ಲೆ. ಊರಾಗಿನ ಮಂದೀನ್ನೆಲ್ಲಾ ಕುಂದ್ರಿಸೀಯಲ್ಲ, ನಿನ್ನ ತಮ್ಮನ್ನೂ ಕುಂದ್ರಸು."

"ಕುಂದ್ರಸ್ತೇನವ್ವಾ," ಎಂದ ಗುರುಸಂಗಪ್ಪ.

ಕುವೈತಿನಿಂದ ಮಸ್ಕತ್, ಅಲ್ಲಿ ವಿಮಾನ ಬದಲಿಸಿ ಬೆಂಗಳೂರು. ಬೆಂಗಳೂರಿಗೆ ದೊಡ್ಡಪ್ಪನ ಮಗ ಮಲ್ಲೇಶಪ್ಪ ಆಂಬುಲೆನ್ಸ್ ತರುವುದು, ಮರುದಿನ ಮುಂಜಾನೆ ಎಲ್ಲರೂ ಸವಡಿ ಸೇರುವುದು ಎಂದು ಮಾತಾಗಿತ್ತು. ಬೆಳಗಿನ ವಿಮಾನ ಹತ್ತಿದಾಗ ಗುರುಸಂಗಪ್ಪನಿಗೆ ಹಿಂದಿನ ಸಾಲಿನಲ್ಲಿ, ಮೂರು ಸೀಟುಗಳ ನಡುವಿನ ಸೀಟು ಸಿಕ್ಕಿತು. ಆಳು ಎತ್ತರ, ಕಾಲು ಉದ್ದ. ಮುಂದಿನವನು ತನ್ನ ಸೀಟನ್ನು ಹಿಂದಕ್ಕೆ ಚಾಚಿದ. ಮೊಣಕಾಲು ಎರಡೂ ಸಿಕ್ಕಿಹಾಕಿಕೊಂಡು ಅಲುಗಾಡಿಸಲು ಜಾಗವಿಲ್ಲದಾಯಿತು. ಕಿಟಕಿಯ ಕಡೆ ಒಬ್ಬ ಮುಖದ ಮೇಲೆ ಟವೆಲು ಹಾಕಿಕೊಂಡು ಮಲಗಿದ್ದ. ಈಚೆ ಕಡೆ ಕಮರುನ್ನಿಸಾ ಕುಳಿತಿದ್ದಳು. ಗಜೇಂದ್ರಗಡದವಳು, ಅಲ್ಲಿ ಒಂದು ಮನೆಯಲ್ಲಿ ಮುಸುರೆ ತಿಕ್ಕಿ ಮಕ್ಕಳನ್ನು ನೋಡಿಕೊಳ್ಳುತ್ತಿದ್ದಳು, ಸೂಟಿಯ ಮೇಲೆ ಊರಿಗೆ ಹೊರಟಿದ್ದಳು. ಪಟ್ಟಿ ಬಿಗಿದುಕೊಳ್ಳುವಾಗ ಅವನ ಬಾಯಿಂದ ಶಿವನೇ ಎಂದು ಬಂತು. ನಮ್ಮ ಕಡೆಯವನೆಂದು ಗುರುತು ಹಿಡಿದು ಮಾತಾಡಿಸಿದಳು. ಊರಿಗೆ ಯಾಕೆ ಹೊರಟಿರಿ ಎಂದು ಕೇಳಿದ್ದಕ್ಕೆ ಅವನು ಕಾಲ ಕೆಳಗೆ ಬೆರಳು ಮಾಡಿ, ತಮ್ಮ ಕೆಳಗೆ ಇದ್ದಾನೆ ಎಂದ. ಅವಳಿಗೆ ಮೊದಲು ತಿಳಿಯಲಿಲ್ಲ. ತಿಳಿದ ಮೇಲೆ ಸೆರಗು ತಲೆಯ ಮೇಲೆ ಎಳೆದುಕೊಂಡಳು.

ಊಟದ ತಟ್ಟೆ ಬಂತು. ಹೆಣ ಮನೆಯಲ್ಲಿರುವಾಗ ಒಲೆ ಹಚ್ಚುವುದಿಲ್ಲ, ಮಣ್ಣಾಗುವ ತನಕ ತಾನು ಉಣ್ಣುವುದಿಲ್ಲ ಎಂದು ಅವನು ತಟ್ಟೆ ಹಿಂದಕ್ಕೆ ಕೊಟ್ಟ. ಬಡಿಸುವ ಹುಡುಗಿ ಇಂಗ್ಲಿಷಿನಲ್ಲಿ ಏನೋ ಕೇಳಿದಳು, ನಕ್ಕಳು, ಮುಂದೆ ಹೋದಳು. ನಗುವುದು ಅವಳ ಕೆಲಸ, ಅವಳಿಗೇನು ಗೊತ್ತು. ಪಾದ ಬಾತುಕೊಂಡು ಚಪ್ಪಲಿ ಬಿಗಿಯಾಗುತ್ತಿತ್ತು. ಅವನು ಎದುರಿನ ಸೀಟಿನ ಬೆನ್ನನ್ನೇ ನೋಡುತ್ತ ಕುಳಿತಿದ್ದ. ಬಹಳ ಹೊತ್ತಿನ ಮೇಲೆ ಒಂದೇ ಮಾತು ಆಡಿದನಂತೆ.

"ನಾ ಇಲ್ಲಿ ಕಾಲು ಚಾಚಾಕ ಬರದಂಗ ಕುಂತೇನಿ. ಅವ ಕೆಳಗ ಕಾಲು ಮಡಚಾಕ ಬರದಂಗ ಮಲಗ್ಯಾನ. ಅದಲು ಬದಲು ಆಗಿದ್ರ ಚಲೋ ಇತ್ತು ತಂಗಿ."

ಅವಳು ಅವನ ಮುಂಗೈ ಹಿಡಿದುಕೊಂಡಳು. ಪರಪುರುಷನ ಕೈ ಹಿಡಿಯುವ ಹೆಂಗಸಲ್ಲ ನಾನು ಎಂದು ನನಗೆ ಹೇಳುವಾಗಲೂ ಅವಳಿಗೆ ಸಂಕೋಚ. ಮಸ್ಕತ್ ಬರುವ ತನಕ ಬಿಡಲಿಲ್ಲವಂತೆ.

ಮಸ್ಕತ್‌ನಲ್ಲಿ ಮುಂದಿನ ವಿಮಾನಕ್ಕೆ ಸಾಕಷ್ಟು ಹೊತ್ತಿತ್ತು. ಮತ್ತೊಮ್ಮೆ ತಪಾಸಣೆ, ಮತ್ತೊಮ್ಮೆ ಚಪ್ಪಲಿ ಬಿಚ್ಚುವುದು. ಕೊರಳಲ್ಲಿದ್ದ ಲಿಂಗದ ಕರಡಿಗೆಯನ್ನು ಟ್ರೇಗೆ ಹಾಕು ಎಂದರು. ಮೈಯಿಂದ ತೆಗೆಯುವುದಿಲ್ಲ ಎಂದು ಅವನು ಕೈಮುಗಿದ. ಬೇರೆ ಕಡೆ ಕರೆದೊಯ್ದು ಮೈಯೆಲ್ಲ ಸವರಿ ಬಿಟ್ಟರು. ಕಮರುನ್ನಿಸಾ ಕಾದು ನಿಂತಿದ್ದಳು. ಇಬ್ಬರೂ ಉದ್ದನೆಯ ಪಡಸಾಲೆಯಲ್ಲಿ ನಡೆದರು. ಒಂದು ಬದಿಗೆ ನೆಲದಿಂದ ಮಾಡಿನ ತನಕ ಗಾಜು, ಆಚೆ ಬಿಸಿಲು ಮತ್ತು ವಿಮಾನಗಳು. ಅಲ್ಲಿ ಗುರುಸಂಗಪ್ಪ ನಿಂತುಬಿಟ್ಟ.

ಕೆಳಗೆ, ಬಿಸಿಲಿನಲ್ಲಿ, ಒಂದು ಬಂಡಿಯ ಮೇಲೆ ಉದ್ದನೆಯ ಪೆಟ್ಟಿಗೆ ಇತ್ತು. ಗೋಣಿತಟ್ಟು ಸುತ್ತಿ ಹೊಲಿದಿತ್ತು.

ಮಣ್ಣು ಕೊಡುವ ತನಕ ಒಬ್ಬನನ್ನೇ ಬಿಡಬಾರದು. ಅಷ್ಟು ದಿನ ಆ ತಣ್ಣನೆಯ ಕೋಣೆಯಲ್ಲಿ ತಮ್ಮ ಒಬ್ಬನೇ ಇದ್ದ. ಈಗ ಕಣ್ಣಿಗೆ ಕಂಡಿದ್ದಾನೆ. ಅವನು ಗಾಜಿಗೆ ಹಣೆ ಹಚ್ಚಿ ಕುಳಿತ. ಬಾಯಲ್ಲೇ ಮಂತ್ರ ಹೇಳಿದ, ಭಜನೆಯ ಪದ ಗುನುಗಿದ. ಬೆಂಗಳೂರಿನ ವಿಮಾನದ ಬಾಗಿಲು ಪಡಸಾಲೆಯ ಆ ತುದಿಗಿತ್ತು. ಜನ ಸಾಲು ಹಚ್ಚಿದಾಗ ಕಮರುನ್ನಿಸಾ ಬಂದು ಕರೆದಳು.

"ಅಣ್ಣಾರ, ಎಲ್ಲಾರೂ ಹತ್ತಾಕತ್ತಾರ. ಏಳ್ರಿ."

"ನೀ ನಡಿ ತಂಗಿ. ಅವನ್ನ ಇನ್ನೂ ಎತ್ತಿಲ್ಲ, ಇಲ್ಲೇ ಅದಾನ. ಎತ್ತಿದ ಕೂಡ್ಲೆ ಬರ್ತೇನಿ."

ಇದರಲ್ಲಿ ನಗುವಂಥದ್ದೇನಿದೆ, ಕಟ್ಟೆಯವರು ಹೇಳಲಿ. ಹೆಣ ಅಂಗಳದಲ್ಲೇ ಇರುವಾಗ ಮಂದಿ ಮುಂದೆ ನಡೆದು ಹೋಗುವುದನ್ನು ನಮ್ಮೂರಲ್ಲಿ ಯಾರಾದರೂ ಕಂಡಿದ್ದಾರೆಯೇ? ಅವನ ಲೆಕ್ಕವೂ ಅದೇ. ಪೆಟ್ಟಿಗೆ ಇಲ್ಲಿರುವ ತನಕ ವಿಮಾನ ಹೊರಡುವುದಿಲ್ಲ ಎಂದು ಅವನು ಗಟ್ಟಿಯಾಗಿ ನಂಬಿದ್ದ. ಕಮರುನ್ನಿಸಾ ಮತ್ತೊಮ್ಮೆ ಕರೆದಳು. ಅವಳ ಸಾಲು ಮುಂದೆ ಸರಿಯುತ್ತಿತ್ತು, ಅವಳು ಹೋದಳು. ಕೈ ಹಿಡಿದು ಜಗ್ಗಬೇಕಿತ್ತು ಎಂದು ಇವತ್ತಿಗೂ ಅನ್ನುತ್ತಾಳೆ. ಮೇಲಿನಿಂದ ಏನೇನೋ ಕೂಗಿ ಹೇಳುತ್ತಿದ್ದರು. ಅದರಲ್ಲಿ ಅವನ ಹೆಸರೂ ಇದ್ದಿರಬೇಕು, ಅವನ ಕಿವಿ ಅತ್ತ ಇರಲಿಲ್ಲ.

ಬಹಳ ಹೊತ್ತಾದ ಮೇಲೆ ಇಬ್ಬರು ಕೂಲಿಯವರು ಬಂಡಿಯ ಹತ್ತಿರ ಬಂದರು. ಒಬ್ಬ ಪೆಟ್ಟಿಗೆಯ ಮೇಲೆ ಕುಳಿತು, ಬಾಟಲಿ ಎತ್ತಿ ನೀರು ಕುಡಿದ. ಗುರುಸಂಗಪ್ಪ ಎದ್ದು ಎರಡೂ ಕೈಯಿಂದ ಗಾಜು ಬಡಿದ. ಅವರಿಗೆ ಕೇಳಿಸಲಿಲ್ಲ. ಪಡಸಾಲೆಯಲ್ಲಿದ್ದವರು ತಿರುಗಿ ನೋಡಿದರು, ಒಬ್ಬ ಕಾವಲಿನವ ಓಡಿಬಂದ. ಅಷ್ಟರಲ್ಲಿ ಇನ್ನೊಬ್ಬ ಕೂಲಿ ಗೋಣಿತಟ್ಟಿನ ಹೊಲಿಗೆ ಕೊಯ್ದು ಬದಿಯ ಹಲಗೆ ತೆಗೆದ. ಒಳಗೆ ಕಬ್ಬಿಣದ ಪೈಪುಗಳಿದ್ದವು.

ಕಾವಲಿನವನು ಹಿಂದಿ ಬಲ್ಲವ. ಸಮಾಧಾನ ಹೇಳಿ ಕೌಂಟರಿಗೆ ಕರೆದೊಯ್ದ. ಅಲ್ಲಿಯ ಹೆಂಗಸು ಹುಡುಕಿ ನೋಡಿ ಹೇಳಿದಳು: ಬೆಂಗಳೂರಿನ ವಿಮಾನ ಹೋಗಿ ಬಹಳ ಹೊತ್ತಾಯಿತು, ನಿಮ್ಮ ಪೆಟ್ಟಿಗೆಯನ್ನು ಅದರಲ್ಲಿ ಎಲ್ಲಕ್ಕಿಂತ ಮೊದಲೇ ಹೇರಿದ್ದರು, ನಿಮಗೆ ನಾಳೆ ಮಧ್ಯಾಹ್ನದ ತನಕ ಬೇರೆ ವಿಮಾನ ಇಲ್ಲ. ಅವನು ಅಲ್ಲೇ ನೆಲದ ಮೇಲೆ ಕುಕ್ಕರಿಸಿದ. ಪೈಪುಗಳನ್ನು ಕಾಯುತ್ತ ಕುಳಿತು ತಮ್ಮನನ್ನು ಒಬ್ಬನನ್ನೇ ಕಳಿಸಿದ್ದ.

ಒಬ್ಬನೇ ಹೋಗಲಿಲ್ಲ, ಅದನ್ನೂ ಹೇಳಬೇಕು. ವಿಮಾನದಲ್ಲಿ ಅವನ ಸೀಟು ಖಾಲಿ ಇದ್ದದ್ದು ಕಂಡು ಕಮರುನ್ನಿಸಾ ಬಡಕೊಂಡಳು, ಆಗಲೇ ಬಾಗಿಲು ಹಾಕಿಯಾಗಿತ್ತು. ಬೆಂಗಳೂರಿನಲ್ಲಿ ಇಳಿದವಳು ಅವರನ್ನು ಇವರನ್ನು ಕೇಳಿ, ಪೆಟ್ಟಿಗೆ ಬಿಡಿಸಿಕೊಳ್ಳಲು ನಿಂತಿದ್ದ ಮಲ್ಲೇಶಪ್ಪನನ್ನು ಹುಡುಕಿದಳು. ಆಂಬುಲೆನ್ಸಿನಲ್ಲಿ ರೋಣದ ತನಕ ಪೆಟ್ಟಿಗೆಯ ಪಕ್ಕ ಕುಳಿತು ಬಂದಳು. ಅಲ್ಲಿಂದ ಗಜೇಂದ್ರಗಡದ ಬಸ್ಸು ಹತ್ತಿದಳು.

ಮುಂಜಾನೆ ಸವಡಿಯಲ್ಲಿ ಪೆಟ್ಟಿಗೆ ಇಳಿಸಿದಾಗ ನಾನು ಅಂಗಳದಲ್ಲಿದ್ದೆ. ಮುಚ್ಚಳ ತೆಗೆದರು. ಸಿದ್ದಲಿಂಗನ ಹೆಂಡತಿ ಸುವರ್ಣಾ ಒಮ್ಮೆ ನೋಡಿ ಗೋಡೆಗೆ ಒರಗಿ ಕುಸಿದಳು. ಮುಖ ಕಪ್ಪಾಗಿತ್ತು, ಔಷಧಿಯ ಘಾಟು ಅಂಗಳ ತುಂಬಿತು. ಮಲ್ಲೇಶಪ್ಪ ನಿಂತ ಕಾಲಿನಲ್ಲೇ ತೀರ್ಮಾನ ಹೇಳಿದ. ಗುರುಸಂಗ ಬರುವುದು ನಾಳೆ, ಅಲ್ಲಿಯ ತನಕ ಇಡಲಾಗದು, ಕುಣಿಯನ್ನು ಉದ್ದ ಮಾಡಿ ಪೆಟ್ಟಿಗೆ ಸಮೇತ ಮಲಗಿಸಿಬಿಡೋಣ ಎಂದ. ಸುತ್ತಲಿದ್ದವರು ಹೂಂಗುಟ್ಟಿದರು. ಮದುವೆಗಳಲ್ಲಿ ಆಚಾರ ವಿಚಾರವೆಂದು ಅಡಿಗೆಯವನನ್ನೇ ಬಿಡಿಸಿದ ಜನ ಇವರು, ಘಾಟು ಮೂಗಿಗೆ ಬಡಿದ ಕೂಡಲೆ ಆಚಾರವೆಲ್ಲ ಮರೆತರು. ಶೇಖವ್ವ ಹೊಸ್ತಿಲ ಮೇಲೆ ಕುಳಿತಿದ್ದವಳು ಅಲ್ಲಿಂದ ಏಳಲಿಲ್ಲ. ಕುಣಿ ಉದ್ದ ಮಾಡಿದರೆ ತನ್ನನ್ನೂ ಅದರಲ್ಲೇ ಹಾಕಿ ಎಂದಳು. ಹಿರಿಯ ಮಗ ಮಾತು ಕೊಟ್ಟಿದ್ದಾನೆ, ಅವನನ್ನು ಕೇಳಿ ಎಂದಳು.

ನಾನೇ ನನ್ನ ಫೋನಿನಿಂದ ಹಚ್ಚಿದೆ. ಯಮನೂರ ಪಕ್ಕದಲ್ಲಿ ಬಂದು ನಿಂತ. ಇದ್ದದ್ದನ್ನು ಇದ್ದಂತೆ ಹೇಳಿ, ಹೇಗೆ ಮಾಡಲಿ ಎಂದು ಕೇಳಿದ. ಆ ಕಡೆಯಿಂದ ಜನರ ಗದ್ದಲ, ಒಂದು ಮಗುವಿನ ಅಳು, ಯಾವುದೋ ಊರಿಗೆ ಹೊರಟವರನ್ನು ಕರೆಯುವ ಹೆಣ್ಣಿನ ದನಿ, ಇಷ್ಟೇ ಕೇಳುತ್ತಿತ್ತು. ಫೋನು ಕಡಿದುಹೋಯಿತೇನೋ ಎಂದು ನಾನು ನೋಡಿಕೊಂಡೆ.

"ಬಿಸಿನೀರಾಗ ಅರಿವಿ ಅದ್ದಿ ಸುತ್ತು," ಎಂದ ಕೊನೆಗೆ. "ಎಣ್ಣಿ ಹಚ್ಚಿ ತಿಕ್ಕು. ಭಾಳೊತ್ತು ತಿಕ್ಕು. ಆಗಲಿಲ್ಲಂದ್ರ..." ಅಲ್ಲಿಗೆ ನಿಲ್ಲಿಸಿದ. "ನಿನಗ ಗೊತ್ತೈತಿ."

ಯಮನೂರ ಹೆಣವನ್ನು ಒಳಗೆ ಸಾಗಿಸಿ ಬಾಗಿಲು ಹಾಕಿಕೊಂಡ. ನಾನು ಫೋನು ಹಿಡಿದು ಹೊರಗೇ ನಿಂತೆ. ಗುರುಸಂಗಪ್ಪ ಫೋನು ಇಡಲಿಲ್ಲ, ನಾನೂ ಇಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, ಭಜನೆಯವರಿಗೆ ಇನ್ನೂ ಜೋರಾಗಿ ಬಾರಿಸಲು ಹೇಳು ಎಂದ. ತಮ್ಮನ ಮೇಲಿನ ಪ್ರೀತಿಯೆಂದು ತಿಳಿದು ಹೇಳಿದೆ. ತಾಳ ಮದ್ದಳೆ ಅಂಗಳ ನಡುಗುವಂತೆ ಎದ್ದವು. ಇನ್ನೂ ಜೋರು, ಎಂದ. ಅವನು ಆ ಕಡೆ ಜೋರಾಗಿ ಕೆಮ್ಮುತ್ತಿದ್ದ.

ಬಾಗಿಲು ತೆಗೆಯಿತು. ಯಮನೂರನ ಅಂಗಿ ಬೆವರಿನಿಂದ ಒದ್ದೆಯಾಗಿತ್ತು. ಶೇಖವ್ವನನ್ನು ಒಳಗೆ ಹೋಗಲು ಬಿಟ್ಟು, ನನ್ನ ಕೈಯಿಂದ ಫೋನು ತೆಗೆದುಕೊಂಡ.

"ಭಾಳ ತ್ರಾಸ ಆಗಲಿಲ್ಲ ಯಣ್ಣಾ. ತಾವಾಗೇ ಮಡಚಿದ್ವು."

"ಚಲೋ ಆತು," ಎಂದ ಗುರುಸಂಗಪ್ಪ. "ನಿನಗ ಪುಣ್ಯ ಬರ್ಲಿ."

ಸಿದ್ದಲಿಂಗ ಕುಳಿತೇ ಹೋದ. ಅಣ್ಣ ಬರುವ ಹೊತ್ತಿಗೆ ಕುಣಿಯ ಮೇಲಿನ ಹೂವು ಬಾಡಿತ್ತು. ಶೇಖವ್ವ ಹಿರಿಯ ಮಗನ ಮುಖ ಹಿಡಿದು, ನಿನ್ನ ತಮ್ಮ ಜೀವ ಇದ್ದವರ ಹಾಗೆ ಕುಳಿತಿದ್ದ ಎಂದಳು. ಅವನು ಹೌದು ಎಂದು ತಲೆ ಆಡಿಸಿದ. ಮತ್ತೆ ಕುವೈತಿಗೆ ಹೋಗಲಿಲ್ಲ. ಈಗ ಯಾರ ಮನೆಯಲ್ಲಿ ಸತ್ತರೂ ಯಮನೂರನನ್ನು ಕಳಿಸುತ್ತಾನೆ, ತಾನು ಹೋಗುವುದಿಲ್ಲ.

ಮೊನ್ನೆ ಅಂಗಡಿಯಲ್ಲಿ ಯಾರೂ ಇಲ್ಲದಾಗ ಬಂದು ಕುಳಿತ. ನಾನು ಕಟ್ಟೆಯವರ ಮಾತು ಎತ್ತಿ, ಅವರ ಬಾಯಿಗೆ ಮಣ್ಣು ಬೀಳಲಿ ಎಂದು ಬೈಯುತ್ತಿದ್ದೆ. ಅವನು ಅದನ್ನು ಕೇಳುತ್ತಿರಲಿಲ್ಲ. ತಾವಾಗೇ ಮಡಚಿದ್ವು ಎಂದು ಯಮನೂರ ಅವತ್ತು ಹೇಳಿದ ಮಾತು ಯಾರದು ಗೊತ್ತೇ ಎಂದ. ಅದು ತನ್ನದೇ ಮಾತಂತೆ. ಒಳಗೆ ಏನೇ ಆಗಲಿ, ಎಷ್ಟೇ ಸಪ್ಪಳವಾಗಲಿ, ಹೊರಗೆ ಬಂದು ಮನೆಯವರಿಗೆ ಇದೊಂದನ್ನೇ ಹೇಳಬೇಕು ಎಂದು ಯಮನೂರನಿಗೆ ಹೇಳಿಕೊಟ್ಟವನು ತಾನೇ ಅಂತೆ.

"ಸೆಟದ ಕಾಲು ತಾವಾಗೇ ಮಡಚೂದಿಲ್ಲೋ. ಮುರೀಬೇಕು," ಎಂದ. "ಬಾಗಲದ ಹೊರಗ ನಿಂತವರು ನನ್ನ ಮಾತ ನಂಬತಾರ, ಅವರಿಗೆ ಸಮಾಧಾನ ಆಗತೈತಿ ಅಂತ ಇಷ್ಟ ದಿನ ತಿಳಕೊಂಡಿದ್ದೆ. ಯಾರೂ ನಂಬಿರೂದಿಲ್ಲ."

ನಮ್ಮಪ್ಪ ಹೊಲದಲ್ಲಿ ಬಿದ್ದು ಸತ್ತಿದ್ದ, ಮರುದಿನ ಮುಂಜಾನೆ ಹುಡುಕಿ ತಂದಿದ್ದೆವು. ಗುರುಸಂಗಪ್ಪ ಒಳಗಿನಿಂದ ಬಂದು ನನ್ನ ಹೆಗಲ ಮೇಲೆ ಕೈಯಿಟ್ಟು ಅದೇ ಮಾತು ಹೇಳಿದ್ದ. ನಾನು ನಂಬಿದ್ದೆ. ಅವನು ಅಂಗಡಿಗೆ ಬಂದು ಕುಳಿತ ಆ ಹೊತ್ತಿನ ತನಕ ನಂಬಿಕೊಂಡೇ ಇದ್ದೆ.